ಟವೆಲ್ಲಿನ ಕೆಳಗೆ ಎರಡು ಬೆರಳು

ಮನೆ ನೋಡಲು ಬಂದವರು ಮೊದಲು ನೀರಿನ ಬಗ್ಗೆ ಕೇಳುತ್ತಾರೆ, ಆಮೇಲೆ ಶಾಲೆಯ ಬಗ್ಗೆ. ನೀರಿನ ಮಾತನ್ನು ಜೋರಾಗಿಯೇ ಕೇಳುತ್ತಾರೆ. ಶಾಲೆಯ ಮಾತಿಗೆ ಬಂದಾಗ ದನಿ ತಗ್ಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಮನೆ-ಪ್ಲಾಟುಗಳ ವ್ಯವಹಾರ ಮಾಡುತ್ತಲೇ ಕೂದಲು ಬೆಳ್ಳಗಾದ ನನಗೆ ಆ ತಗ್ಗಿದ ದನಿ ಚೆನ್ನಾಗಿ ಗೊತ್ತು. ಮೊನ್ನೆ ಜೇವರ್ಗಿಯಲ್ಲಿ ಗಂಡ-ಹೆಂಡತಿಗೆ ಒಂದು ಮನೆ ತೋರಿಸುತ್ತಿದ್ದೆ. ಅವರ ಮಗ ಬರುವ ಜೂನಿನಲ್ಲಿ ಒಂದನೇ ತರಗತಿಗೆ. ಆ ಹೆಣ್ಣುಮಗಳು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿ, ಕಿಟಕಿಯಿಂದ ಕಾಣುವ ಶಾಲೆಯ ಕಡೆ ಕಣ್ಣು ಹಾಯಿಸಿ, ನನ್ನ ಹತ್ತಿರ ಸರಿದಳು.

"ಅಕ್ಕಾರ, ಆ ಸಾಲಿಗಿ ಎಂಥಾ ಮಕ್ಕಳು ಬರ್ತಾರ್ರಿ? ಅರ್ಧ ಮಂದಿಗಿ ಕನ್ನಡಾನೇ ಬರಂಗಿಲ್ಲಂತಲ್ರಿ?"

"ಮಕ್ಕಳಂಥಾ ಮಕ್ಕಳೇ ಬರ್ತಾರವಾ. ಮಧ್ಯಾಹ್ನ ಊಟದ ಹೊತ್ತಿನ್ಯಾಗ ಹೋಗಿ ಗೇಟಿನ ಬಲ್ಲಿ ನಿಂದ್ರು. ಹೆಡ್ ಮಾಸ್ತರಿಗಿ ಹೇಳಿ ಹೋಗಬ್ಯಾಡ, ಹೇಳಿದ್ರ ಎಲ್ಲಾರೂ ಕೈಕಟ್ಟಿ ಕುಂತಿರ್ತಾರ. ಮಕ್ಕಳು ಒಬ್ಬರಿಗೊಬ್ಬರು ಹೆಂಗ ಮಾತಾಡ್ತಾರ ಕೇಳು. ಯಾವ ಭಾಷೆದಾಗ ಅಂತ ಬ್ಯಾಡ, ಹೆಂಗ ಅಂತ ಕೇಳು."

ಕೇಳದಿದ್ದವರಿಗೂ ಸಲಹೆ ಕೊಡುವುದು ನನ್ನ ಚಾಳಿ. ಹತ್ತರಲ್ಲಿ ಇಬ್ಬರು ನಾನು ಹೇಳಿದ ಹಾಗೆ ಹೋಗಿ ನಿಲ್ಲುತ್ತಾರೆ. ಉಳಿದವರು ನೆಂಟರನ್ನು ಕೇಳಿ ತೀರ್ಮಾನ ಮಾಡುತ್ತಾರೆ. ನಮ್ಮ ಮನೆಯಲ್ಲೂ ಒಂದು ಬೇಸಿಗೆಯಿಂದ ಮಳೆಗಾಲದ ಅರ್ಧದವರೆಗೆ ಇದೇ ಮಾತು ನಡೆದಿತ್ತು. ಆಗ ನನಗೆ ಆರು ತುಂಬಿತ್ತು. ಆ ತಿಂಗಳುಗಳಲ್ಲಿ ನಾನು ಏನಾದೆನೋ ಇವತ್ತಿಗೂ ಅದೇ ಆಗಿದ್ದೇನೆ ಎಂದು ನನಗೆ ಅನ್ನಿಸುತ್ತದೆ.

ಆಳಂದದ ಆ ಮನೆಯನ್ನು ಇವತ್ತು ನಾನು ಮಾರಬೇಕಾಗಿ ಬಂದರೆ ಗಾಳಿ-ಬೆಳಕಿನ ಮಾತನ್ನೇ ಎತ್ತುವುದಿಲ್ಲ. ಮುಂದೊಂದು ಪಡಸಾಲೆ, ಹಿಂದೊಂದು ಅಡುಗೆಕೋಣೆ, ಅಷ್ಟೇ ಬಾಡಿಗೆ ಮನೆ. ಅಡುಗೆಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಬಿಸಿಲು ಅದರಿಂದ ಕೋಲಿನಂತೆ ಇಳಿದು, ಮೊದಲು ನೀರಿನ ಹಂಡೆಯ ಮೇಲೆ, ಆಮೇಲೆ ಹಿಟ್ಟಿನ ಡಬ್ಬಿಯ ಮೇಲೆ ಕೂತು, ಮೂಲೆಯ ಒರಳಿಗೆ ಸರಿಯುವ ಹೊತ್ತಿಗೆ ಮಧ್ಯಾಹ್ನ ಕಳೆದಿರುತ್ತಿತ್ತು. ದೇವರಿಗೆ ಬೇರೆ ಜಾಗವಿಲ್ಲದ್ದರಿಂದ ಗೋಡೆಯ ಗೂಡಿನಲ್ಲೇ ವಿಭೂತಿ ಗಟ್ಟಿ, ಬಸವಣ್ಣನ ಫೋಟೋ. ಅವ್ವ ಜಳಕ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸುವ ತನಕ ಒಲೆ ಹೊತ್ತುತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾನು ಪರ್ಸಿ ಕಲ್ಲಿನ ತಣ್ಣನೆಯ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಅವಳ ತುಟಿಗಳು ಅಲುಗಾಡುವುದನ್ನು ನೋಡುತ್ತಿದ್ದೆ. ಪೂಜೆ ಮುಗಿದ ಮೇಲೆ ಅವಳು ಆಡುವ ಮೊದಲ ಮಾತು ನನಗೇ ಆಗಿರುತ್ತಿತ್ತು. ಬಹಳ ದಿನ ಕೊನೆಯ ಮಾತೂ ನನಗೇ.

ಏಕೆಂದರೆ ಆ ಓಣಿಯಲ್ಲಿ ಅವ್ವನಿಗೆ ಮಾತಿಗೆ ಮತ್ತೊಬ್ಬರಿರಲಿಲ್ಲ. ಅಪ್ಪ ದನದ ಬಜಾರಿನಲ್ಲಿ ದಲ್ಲಾಳಿ. ಅವನ ಜೊತೆಗಾರರೆಲ್ಲ ಮುಸಲ್ಮಾನ ವ್ಯಾಪಾರಿಗಳು. ಅವರ ನಡುವೆ ಇದ್ದರೆ ಅನುಕೂಲವೆಂದು ಅವರ ಓಣಿಯಲ್ಲೇ ಮನೆ ಹಿಡಿದಿದ್ದ. ಕನ್ನಡ, ಉರ್ದು, ಗಡಿಯಾಚೆಯ ಮರಾಠಿ, ಮೂರರಲ್ಲೂ ಅವನು ನಗಿಸಬಲ್ಲವನಾಗಿದ್ದ. ಅವ್ವ ಇಜೇರಿಯವಳು. ತವರಿನಲ್ಲಿ ಬಾವಿಕಟ್ಟೆಗೆ ಹೋದರೆ ಕೊಡ ತುಂಬಿ ಎಷ್ಟೋ ಹೊತ್ತಾದ ಮೇಲೂ ಮಾತು ಮುಗಿಯುತ್ತಿರಲಿಲ್ಲವಂತೆ. ಇಲ್ಲಿ ನಳದ ಮುಂದೆ ನಿಂತರೆ ಸುತ್ತ ಉರ್ದುವಿನ ಮಾತು, ನಗು; ಅವಳಿಗೆ ಒಂದೂ ತಿಳಿಯದು. ಓಣಿಯ ಗಂಡಸರಿಗೆ ಬಜಾರಿನಿಂದ ಕನ್ನಡ ಬರುತ್ತಿತ್ತು, ಮನೆಯೊಳಗಿನ ಹೆಂಗಸರಿಗೆ ಅಷ್ಟು ಬರುತ್ತಿರಲಿಲ್ಲ. ಒಳ್ಳೆಯವರೇ. ಅವಳ ಕೊಡವನ್ನು ಮುಂದಕ್ಕೆ ಸರಿಸಿಕೊಡುತ್ತಿದ್ದರು, ಮುಗುಳ್ನಗುತ್ತಿದ್ದರು. ಮುಗುಳ್ನಗೆಯಿಂದ ಎಷ್ಟು ದಿನ ಹೊಟ್ಟೆ ತುಂಬೀತು? ಅವ್ವ ಕೊಡ ಹೊತ್ತು ಬಂದು, ಇಡೀ ದಿನದ ಮಾತನ್ನೆಲ್ಲ ನನ್ನ ಮುಂದೆ ಸುರಿಯುತ್ತಿದ್ದಳು.

ನನಗಾದರೋ ನೂರಿ ಇದ್ದಳು. ಎದುರುಮನೆಯ ಎತ್ತಿನ ವ್ಯಾಪಾರಿಯ ಮಗಳು, ನನ್ನದೇ ವಯಸ್ಸು. ನಮ್ಮ ಬಾಗಿಲ ಕಟ್ಟೆಯ ಮೇಲೆ ಕೂತು, ಗಜಗದ ಕಾಯಿ ಚಿಮ್ಮಿ ಹಿಡಿದು ಆಡುತ್ತ ನಾವಿಬ್ಬರೂ ಉರ್ದುವಿನಲ್ಲೇ ಮಾತಾಡುತ್ತಿದ್ದೆವು. ನನಗೆ ಅದು ಯಾವಾಗ ಬಂತೋ ನನಗೇ ಗೊತ್ತಿಲ್ಲ. ನಾವು ನಕ್ಕಾಗ ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಗುತ್ತಿತ್ತು. ಆ ಸದ್ದು ಏಕೆ ನಿಲ್ಲುತ್ತದೆಂದು ಆಗ ನಾನು ಯೋಚಿಸಿರಲಿಲ್ಲ.

ಓಣಿಯ ತುದಿಯಲ್ಲಿ ಸರ್ಕಾರಿ ಕನ್ನಡ ಶಾಲೆ. ಉರ್ದು ಶಾಲೆ ಊರಿನ ಆಚೆ ಬದಿಗಿತ್ತು, ಮೇಲಾಗಿ ಆಫೀಸಿನ ಕಾಗದ ಓದಲು ಕನ್ನಡವೇ ಬೇಕೆಂದು ನೂರಿಯ ಅಪ್ಪನಂಥವರು ಮಕ್ಕಳನ್ನು ಇಲ್ಲಿಗೇ ಹಾಕುತ್ತಿದ್ದರು. ತಾಂಡಾದಿಂದ ಲಂಬಾಣಿ ಮಕ್ಕಳು ಬರುತ್ತಿದ್ದರು. ಗಡಿಯಿಂದ ಕೂಲಿಗೆ ಬಂದವರ ಮರಾಠಿ ಮಕ್ಕಳೂ ಇದ್ದರು. ನಾನು ಅಲ್ಲಿ ಒಂದನೇ ತರಗತಿಗೆ ಸೇರಿದರೆ, ಮನೆಯಲ್ಲಿ ಕನ್ನಡವನ್ನೇ ಆಡುವ ಮಗು ನಾನೊಬ್ಬಳೇ ಆಗುತ್ತಿದ್ದೆ. ಇನ್ನೊಂದು ಶಾಲೆ ಬಸ್ ಸ್ಟ್ಯಾಂಡಿನ ಕಡೆ, ಅರಿವೆ ಅಂಗಡಿಯ ಮಾಳಿಗೆಯ ಮೇಲೆ ಹೊಸದಾಗಿ ತೆರೆದದ್ದು. ಅಲ್ಲಿ ಎಲ್ಲವೂ ಇಂಗ್ಲಿಷು. ಟೈ, ಬೂಟು, ಕರೆದೊಯ್ಯಲು ಟಂಟಂ ರಿಕ್ಷಾ. ಅವ್ವ ಬಜಾರಿಗೆ ಹೋದಾಗ ಆ ಮಕ್ಕಳು ಸಾಲಾಗಿ ಇಳಿಯುವುದನ್ನು ನೋಡಿ ಬಂದಿದ್ದಳು. ಅಂದಿನಿಂದ ಊಟದ ಹೊತ್ತೆಲ್ಲ ಜಗಳದ ಹೊತ್ತಾಯಿತು.

"ಅಲ್ರಿ, ಓಣಿ ಸಾಲ್ಯಾಗ ಮಾಸ್ತರ ಇಡೀ ಮುಂಜಾನಿ ಕಣ್ಣು, ಮೂಗು, ಕಿವಿ ಅಂತ ಮುಟ್ಟಿ ಮುಟ್ಟಿ ತೋರಸ್ತಾನ. ಹುಟ್ಟಿದಾಗಿಂದ ಗೊತ್ತಿದ್ದ ಮೂಗು ನನ್ನ ಮಗಳು ಮತ್ತ ಕಲೀಬೇಕೇನು?"

"ಕಲತ್ರ ಮೂಗಿಗೇನು ಕಡಿಮಿ ಆಗ್ತದ ಬೇ?"

"ನಿಮಗ ಬರೇ ನಗಿ. ಇಂಗ್ಲಿಷ್ ಸಾಲ್ಯಾಗ ಹಾಕೂಣು."

"ನಿನಗ ಉರ್ದೂನೂ ತಿಳಿಯಂಗಿಲ್ಲ, ಇಂಗ್ಲಿಷೂ ತಿಳಿಯಂಗಿಲ್ಲ. ಎರಡಕ್ಕೂ ಏನು ಫರಕ?"

"ಇಂಗ್ಲಿಷ್ ತಿಳಿಯದಿದ್ರ ನಾಚಿಕಿ ಇಲ್ರಿ. ಯಾರಿಗೂ ತಿಳಿಯಂಗಿಲ್ಲ."

ಅಪ್ಪ ಗಹಗಹಿಸಿ ನಕ್ಕು, ಪುಂಡಿಪಲ್ಯ ಮೆತ್ತಿದ ಬೆರಳು ನೆಕ್ಕುತ್ತ ಕೈತೊಳೆಯಲು ಎದ್ದ. ಅವ್ವ ತಲೆ ತಗ್ಗಿಸಿ, ತಾಟಿನ ಕಡೆ ನೋಡುತ್ತ, ಯಾರಿಗೂ ಅಲ್ಲದಂತೆ ಅಂದಳು:

"ಆ ಮಕ್ಕಳ ಜೋಡಿ ದಿನಾ ಕುಂತ್ರ ಇಕಿ ಪೂರಾ ಅವರಾಕೀನೇ ಆಗ್ತಾಳ. ಆಮ್ಯಾಲ ನಾ ಯಾರ ಜೋಡಿ ಮಾತಾಡ್ಲಿ?"

ಅಪ್ಪನಿಗೆ ಅದು ಕೇಳಿಸಲಿಲ್ಲ. ನನಗೆ ಕೇಳಿಸಿತು. ಕೇಳಿಸಿದರೂ, ನೂರಿಯ ಜೊತೆ ಓಣಿಯ ಶಾಲೆಗೆ ಹೋಗಬೇಕೆನ್ನುವ ನನ್ನ ಆಸೆ ಕಡಿಮೆಯಾಗಲಿಲ್ಲ. ಆದರೆ ಅದನ್ನು ನಾನು ಬಾಯಿಬಿಟ್ಟು ಹೇಳಲೂ ಇಲ್ಲ. ನಮ್ಮ ಮನೆಯಲ್ಲಿ ಬೇಕಾದದ್ದನ್ನು ಬೇಕು ಎನ್ನುವ ಪದ್ಧತಿಯೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದನದ ಬಜಾರಿನಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ಕೂಡಿಸಿ ದಲ್ಲಾಳಿ ಮೇಲೊಂದು ಟವೆಲ್ ಹೊದಿಸುತ್ತಾನೆ. ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಹೊರಗೆ ಮಳೆಯ ಮಾತು, ಮದುವೆಯ ಮಾತು. ಮೊದಲು ಹಿಡಿದ ಬೆರಳು ಯಾರ ಮನಸ್ಸಿನ ಬೆಲೆಯೂ ಅಲ್ಲ. ಅಲ್ಲಿಂದ ಜಗ್ಗಾಡಿ, ಕೈ ಕಿತ್ತುಕೊಂಡು, ಮತ್ತೆ ಕೈ ಹಾಕಿ, ಕೊನೆಗೆ ಒಂದು ಕಡೆ ಬಂದು ನಿಲ್ಲುತ್ತದೆ. ಅಪ್ಪ ಕೆಲವು ಸಲ ನನ್ನನ್ನೂ ಬಜಾರಿಗೆ ಒಯ್ದು ಹೆಗಲ ಮೇಲೆ ಕೂರಿಸಿಕೊಂಡು ಇದನ್ನೆಲ್ಲ ತೋರಿಸುತ್ತಿದ್ದ.

"ಅವನ ಮುಖ ನೋಡು ಗಂಗೂ. ಎತ್ತು ಪಸಂದ ಆಗ್ಯಾದಂತ ಮುಖದಾಗ ಕಾಣಾಕತ್ತದ. ಮುಗೀತು ಅವನ ಕತಿ."

ಮನೆಯಲ್ಲೂ ಅದೇ ನಡೆಯುತ್ತಿತ್ತು. ನಾನು ಬೆಲ್ಲದ ಡಬ್ಬಿಯ ಕಡೆ ನೋಡಿದರೆ ಅಪ್ಪ ಅದನ್ನು ಮೇಲಿನ ಗೂಡಿಗೆ ಏರಿಸಿ ನಗುತ್ತಿದ್ದ. ಗೋಡೆ ನೋಡುತ್ತ ಕೂತರೆ ತಾನಾಗಿಯೇ ತಾಟಿಗೆ ಬೆಲ್ಲ ಬೀಳುತ್ತಿತ್ತು. "ಭಪ್ಪರೇ, ನನ್ನ ಮಗಳು!" ಎನ್ನುತ್ತಿದ್ದ. ಅವ್ವ ಕೂಡ ಕಲಿತಿದ್ದಳು. ತವರಿಗೆ ಹೋಗಬೇಕಾದಾಗ "ಇಜೇರ್ಯಾಗ ಬಿಸಿಲು ಭಾಳಂತ್ರಿ, ಈ ಸಲ ಹೋಗೂದು ಬ್ಯಾಡ" ಎನ್ನುತ್ತಿದ್ದಳು. ಅಪ್ಪ ಮರುದಿನವೇ ಬಸ್ಸಿಗೆ ಕೂರಿಸುತ್ತಿದ್ದ. ಮೂರೇ ಜನರ ಮನೆ. ಮೂವರ ಮನಸ್ಸಿನಲ್ಲಿದ್ದದ್ದೂ ಮುಖದ ಹಿಂದೆಯೇ ಇರುತ್ತಿತ್ತು. ನನಗೆ ಇದು ಆಟವೆನಿಸಿತ್ತು, ನಾನು ಗೆಲ್ಲುವ ಆಟ.

ಜೂನ್ ಬಂತು. ನೂರಿ ಎಣ್ಣೆ ಹಚ್ಚಿ ಬಿಗಿದ ಜಡೆಯಲ್ಲಿ, ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದು "ಚಲ್ ಗೇ" ಎಂದು ಕರೆದಳು. ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲವೆಂದು ಹೇಳಲು ನಾಚಿಕೆಯಾಗಿ, ನಾಳೆ ಬರುತ್ತೇನೆ ಅಂದೆ. ಮರುದಿನವೂ ಅದನ್ನೇ ಅಂದೆ. ಕೆಲವು ದಿನಗಳಾದ ಮೇಲೆ ಅವಳು ಕರೆಯುವುದನ್ನು ಬಿಟ್ಟು, ಹೋಗುತ್ತ ಕೈ ಮಾತ್ರ ಬೀಸತೊಡಗಿದಳು. ಮಕ್ಕಳೆಲ್ಲ ಹೋದ ಮೇಲೆ ಓಣಿ ಹೇಗಿರುತ್ತದೆಂದು ಶಾಲೆಗೆ ಹೋದವರಿಗೆ ಗೊತ್ತಿರುವುದಿಲ್ಲ. ಒಂದು ಕೋಳಿ, ಒಣಹಾಕಿದ ಬಟ್ಟೆ, ತೆರೆದ ಬಾಗಿಲುಗಳು. ತುದಿಯಿಂದ ಪ್ರಾರ್ಥನೆ ಕೇಳುತ್ತಿತ್ತು, ಆಮೇಲೆ ಎಲ್ಲರೂ ಒಟ್ಟಿಗೆ ಕೂಗುವ "ಕಣ್ಣೂ... ಮೂಗೂ...". ನಾನು ಕಟ್ಟೆಯ ಮೇಲೆ ಒಬ್ಬಳೇ ಕೂತು, ಬಲಗೈಗೂ ಎಡಗೈಗೂ ಗಜಗ ಆಡಿಸುತ್ತಿದ್ದೆ. ಅವರು ಮೂಗು ಎಂದಾಗ ನನ್ನ ಕೈ ತಾನಾಗಿ ಮೂಗಿಗೆ ಹೋಗುತ್ತಿತ್ತು.

ಕೊನೆಗೆ ಅಪ್ಪನ ಒತ್ತಾಯಕ್ಕೆ ಅವ್ವ ನನ್ನ ಕೈಹಿಡಿದು ಆ ಶಾಲೆಯನ್ನು ನೋಡಲು ಹೋದಳು. ಜೊತೆಗೆ ಬಂದ ಅಪ್ಪ ವರ್ಗದ ಬಾಗಿಲಲ್ಲೇ ನಿಂತ. ಮಾಸ್ತರು ಯಡ್ರಾಮಿ ಕಡೆಯವರು, ದಪ್ಪ ಕನ್ನಡಕ, ಮುಂಗೈವರೆಗೆ ಸೀಮೆಸುಣ್ಣದ ಪುಡಿ. ನನ್ನನ್ನು ಏನೋ ಕೇಳಿದರು, ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅಷ್ಟರಲ್ಲಿ ನೂರಿ ಹಿಂದಿನಿಂದ ನನ್ನ ಜಡೆ ಎಳೆದಳು, ಅವಳಿಗೆ ಉರ್ದುವಿನಲ್ಲಿ ಬೈದೆ. ಮಾಸ್ತರರ ಮುಖವೆಲ್ಲ ಅರಳಿತು.

"ಎರಡೂ ಬರ್ತಾವಲ್ರಿ ಇಕಿಗಿ! ತಾಯೀ, ಇಂಥಾಕಿ ಒಬ್ಬಾಕಿ ನನಗ ಬೇಕೇ ಬೇಕಾಗಿತ್ರಿ. ನಾ ಒಂದು ಹೇಳ್ತೇನಿ, ಅವು ಒಂದು ತಿಳಕೋತಾವ. ಇಕಿ ನಡುವ ಇದ್ರ ಇಡೀ ವರ್ಗ ಮುಂದ ಹೋಗ್ತದ. ಇವತ್ತೇ ಬಿಟ್ಟು ಹೋಗ್ರಿ. ಕೈ ಮುಗೀತೇನಿ ನೋಡ್ರಿ."

ಆ ಮನುಷ್ಯ ಖರೆಯೇ ಕೈ ಮುಗಿದರು. ಅವ್ವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಕೇಳಿ ಹೇಳುತ್ತೇವೆ ಎಂದು ಹೊರಬಂದಳು. ಮೂವರೂ ಓಣಿಯಲ್ಲಿ ಮನೆಯ ಕಡೆ ನಡೆದೆವು. ಆ ಬೇಸಿಗೆಯಿಂದ ಅವರಿಬ್ಬರಿಗೂ ಮೊದಲ ಸಲ ಒಮ್ಮತವಾಗಿತ್ತು.

"ಇಷ್ಟು ಹಾತೊರಿಯಾಕತ್ತಾನಂದ್ರ ಸಾಲ್ಯಾಗ ಏನೋ ಐಬು ಅದ" ಎಂದ ಅಪ್ಪ.

"ನಾ ಹೇಳಿಲ್ಲೇನ್ರಿ?" ಎಂದಳು ಅವ್ವ.

ಎತ್ತಿನಲ್ಲಿ ಕೊರತೆಯಿದ್ದರೆ ಅದಕ್ಕೆ ಐಬು ಎನ್ನುತ್ತಿದ್ದರು. ಮಾರುವವನು ಕೈ ಮುಗಿದನೆಂದರೆ ಎತ್ತು ಕುಂಟು, ಇಲ್ಲವೆ ಹಾಯುತ್ತದೆ. ಬಜಾರಿನಲ್ಲಿ ಇದಕ್ಕೆ ಎರಡನೇ ಅರ್ಥವಿರಲಿಲ್ಲ. ಬೇಕಾದದ್ದನ್ನು ಬೇಕು ಎಂದು ಬಾಯಿಬಿಟ್ಟು ಹೇಳುವ ಒಬ್ಬ ಮನುಷ್ಯ ಇರಬಹುದೆಂದು ನಮ್ಮ ಮನೆಯವರಿಗೆ ಹೊಳೆಯಲೇ ಇಲ್ಲ. ಇಂಗ್ಲಿಷ್ ಶಾಲೆಯವರಾದರೋ ಜಾಗವಿಲ್ಲ, ಆಮೇಲೆ ನೋಡೋಣ ಎಂದಿದ್ದರು. ಅಪ್ಪನ ಕಣ್ಣಿನಲ್ಲಿ ಆ ಮಾತಿನಿಂದಲೇ ಅದರ ತೂಕ ಹೆಚ್ಚಿತು. ಅದೇ ಮಾತನ್ನು ನಾನೂ ನನ್ನ ವ್ಯವಹಾರದಲ್ಲಿ ಎಷ್ಟು ಸಲ ಆಡಿದ್ದೇನೋ. ಮನೆಗಳ ಮಟ್ಟಿಗೆ ಅದು ನಡೆಯುತ್ತದೆ. ಮಾಸ್ತರನನ್ನು ಆ ತಕ್ಕಡಿಯಲ್ಲಿ ತೂಗಬೇಡಿ ಎಂದು ಮಾತ್ರ ಹೇಳುತ್ತೇನೆ.

ಆದರೂ ಅಪ್ಪನ ಮನಸ್ಸು ಒಂದು ಕಡೆ ನಿಂತಿರಲಿಲ್ಲ. ಆ ವಾರದ ಬಜಾರು ಮುಗಿಸಿ ಬಂದವನು ಕಾಲು ತೊಳೆದು, ಅಡುಗೆಕೋಣೆಯಲ್ಲಿ ನನ್ನೆದುರು ಚಕ್ಕಂಬಕ್ಕಳ ಹಾಕಿ ಕೂತ. ಅವ್ವ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕೈಮೇಲೆ ಹಾಸಿದ.

"ಬಾರ ನನ್ನವ್ವ. ಇಬ್ಬರೂ ದೊಡ್ಡವರು ಜಗಳಾಡಿ ಸಾಕಾಗೇದ. ನೀನೇ ಹೇಳು. ಒಂದು ಬೆರಳು ಹಿಡದಿ ಅಂದ್ರ ಓಣಿ ಸಾಲಿ, ಎರಡು ಹಿಡದಿ ಅಂದ್ರ ಇಂಗ್ಲಿಷ್ ಸಾಲಿ. ನಿಮ್ಮವ್ವಗ ಕಾಣಬಾರದು."

ಟವೆಲ್ಲಿಗೆ ದನದ ಮೈಯ ವಾಸನೆ. ನಾನು ಕೈ ಹಾಕಿದೆ. ಅಪ್ಪನ ಕೈ ಬೆಚ್ಚಗೆ, ಒರಟಾಗಿ ತೆರೆದುಕೊಂಡಿತ್ತು. ಮೊದಲ ಸಲ ನನ್ನನ್ನು ಟವೆಲ್ಲಿನ ಒಳಗೆ ಸೇರಿಸಿಕೊಂಡಿದ್ದ. ಬೇಕಾದದ್ದು ಒಂದು ಬೆರಳು. ಆದರೆ ಮೊದಲ ಸಲಕ್ಕೇ ಬೇಕಾದದ್ದನ್ನು ಹಿಡಿಯುವವಳು ದಲ್ಲಾಳಿಯ ಮಗಳಾಗುತ್ತಾಳೆಯೇ? ಮೊದಲು ದೂರದಿಂದ ಶುರುಮಾಡಬೇಕು. ಅಪ್ಪ ಜಗ್ಗುತ್ತಾನೆ, ನಾನು ಮುಖ ತಿರುಗಿಸುತ್ತೇನೆ, ಕೈ ಕಿತ್ತುಕೊಳ್ಳುತ್ತೇನೆ, ಮತ್ತೆ ಹಾಕುತ್ತೇನೆ, ಆಮೇಲೆ ಬೇಡದ ಮನಸ್ಸಿನಿಂದ ಎನ್ನುವ ಹಾಗೆ ಒಂದು ಬೆರಳಿಗೆ ಇಳಿಯುತ್ತೇನೆ. ಅಪ್ಪ "ಭಪ್ಪರೇ" ಎನ್ನುತ್ತಾನೆ. ಗೋಡೆ ನೋಡುತ್ತ ನಾನು ಅವನ ಎರಡು ಬೆರಳು ಹಿಡಿದೆ.

ಅಪ್ಪ ಕೈ ಹೊರಗೆ ತೆಗೆದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಆತು. ಸೌದಾ ಮುಗೀತು. ನಿನ್ನ ಮಗಳು ನಿನ್ನ ಕಡೇನೇ ಆದಳು ನೋಡು."

ಅವ್ವ ಹೊರಳಿ ನೋಡಿದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಆ ಓಣಿಯಲ್ಲಿ ಕಂಡಿರಲಿಲ್ಲ. ತುಪ್ಪ ಸವರಿದ ಬಿಸಿರೊಟ್ಟಿಯನ್ನು ನನ್ನ ತಾಟಿಗೆ ಹಾಕಿ ತಲೆ ಸವರಿದಳು. ನನ್ನ ಕೈ ಇನ್ನೂ ಮುಂದೆ ಚಾಚಿಯೇ ಇತ್ತು. ಇನ್ನೊಂದು ಸಲ ಕೇಳುತ್ತಾನೆಂದು ಕಾದೆ. ಬಜಾರಿನಲ್ಲಿ ಎಂದೂ ಮೊದಲ ಬೆರಳಿಗೆ ಒಪ್ಪದ ಮನುಷ್ಯ, ಮಗಳ ಜೊತೆ ಚೌಕಾಸಿ ಮಾಡಬಾರದೆಂದುಕೊಂಡನೋ ಏನೋ. ಅದಕ್ಕೇ ನಾನು ತಂದೆತಾಯಿಗಳಿಗೆ ಹೇಳುವುದು: ಮಗುವನ್ನು ಕೇಳುವುದಿದ್ದರೆ ಎರಡು ಸಲ ಕೇಳಿ, ಮೂರು ಸಲ ಕೇಳಿ. ಮಕ್ಕಳು ನಿಮ್ಮ ವಿದ್ಯೆಯನ್ನು ನಿಮಗೆ ಗೊತ್ತಿಲ್ಲದ ಹಾಗೆ ಕಲಿತಿರುತ್ತಾರೆ.

ಅಂಗಡಿಯ ಮಾಳಿಗೆಯ ಶಾಲೆಯಲ್ಲಿ ಜಾಗ ಸಿಕ್ಕಿತು. ಮಿಸ್ ಕಲಬುರಗಿಯಿಂದ ಬಂದವರು; ಒಂದು ಕೋಲಿನಿಂದ ತಮ್ಮ ಕಣ್ಣು ಮೂಗು ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಹೇಳುತ್ತಿದ್ದರು, ನಾವು ಕೂಗಬೇಕು. ಕನ್ನಡ ಆಡಿದವರು ಮೆಟ್ಟಿಲ ಬಳಿ ನಿಲ್ಲಬೇಕು. ನನಗೆ ಎರಡು ಭಾಷೆ ಬರುತ್ತಿದ್ದವು, ಎರಡೂ ಅಲ್ಲಿ ಬಾಯಿಗೆ ತರುವ ಹಾಗಿರಲಿಲ್ಲ. ಉಳಿದ ಮಕ್ಕಳೂ ನನ್ನ ಹಾಗೆಯೇ ಇದ್ದಿರಬಹುದು, ಆದರೆ ಮಾತಾಡದೆ ಅದನ್ನು ತಿಳಿಯುವುದು ಹೇಗೆ? ಪಕ್ಕದವಳ ಹೆಸರು ನನಗೆ ಬಹಳ ದಿನ ಗೊತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಕಟಾಂಜನದ ಸಂದಿಯಿಂದ ಕೆಳಗಿನ ಬಸ್ಸುಗಳನ್ನು ನೋಡುತ್ತ ರೊಟ್ಟಿ ತಿನ್ನುತ್ತಿದ್ದೆ. ಕಂಡಕ್ಟರು ಅಫಜಲಪುರ, ಅಫಜಲಪುರ ಎಂದು ಕೂಗುತ್ತಿದ್ದ. ಇಡೀ ದಿನದಲ್ಲಿ ನನಗೆ ಪೂರ್ತಿ ತಿಳಿಯುತ್ತಿದ್ದ ಮಾತು ಅದೊಂದೇ.

ಸಂಜೆ ಟಂಟಂ ನನ್ನನ್ನು ಓಣಿಯ ಬಾಯಿಗೆ ಇಳಿಸುವ ಹೊತ್ತಿಗೆ ಓಣಿಯ ಮಕ್ಕಳು ಆಡಿ ಮುಗಿಸಿರುತ್ತಿದ್ದರು. ಮನೆಗೆ ಹೋದರೆ ಅವ್ವ ಕಾದಿರುತ್ತಿದ್ದಳು; ಅಷ್ಟು ಹೊತ್ತಿನ ಮಾತನ್ನೆಲ್ಲ ಕೂಡಿಟ್ಟುಕೊಂಡು ಕೇಳುತ್ತಿದ್ದಳು, ಹೇಳುತ್ತಿದ್ದಳು. ನನಗೆ ನಿದ್ದೆ ಎಳೆಯುತ್ತಿತ್ತು. ಹೂಂ ಎನ್ನುತ್ತ ಅಲ್ಲೇ ಒರಗುತ್ತಿದ್ದೆ. ಬರಬರುತ್ತ ಅವಳು ಕೇಳುವುದು ಕಡಿಮೆಯಾಯಿತು. ನಾನು ಅದನ್ನು ಗಮನಿಸಿದ್ದು ತಡವಾಗಿ.

ಎಳ್ಳಮಾವಾಸ್ಯೆ ಹತ್ತಿರವಿದ್ದ ಚಳಿಯ ದಿನ. ಮಿಸ್ಸಿಗೆ ಜ್ವರವೆಂದು ನಮ್ಮನ್ನು ಬೇಗ ಬಿಟ್ಟರು. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅವ್ವನ ನಗು ಕೇಳಿಸಿತು. ಇಜೇರಿಯಲ್ಲಿ ಅಕ್ಕತಂಗಿಯರ ನಡುವೆ ನಗುತ್ತಿದ್ದಳಲ್ಲ, ಆ ನಗು. ನೆಂಟರು ಬಂದಿದ್ದಾರೆಂದುಕೊಂಡು ಅಡುಗೆಕೋಣೆಗೆ ಇಣುಕಿದೆ. ಒಲೆಯ ಬದಿಗೆ, ನಾನು ಕೂರುವ ಜಾಗದಲ್ಲಿ, ನೂರಿ ಕೂತಿದ್ದಳು. ಅವಳ ಮುಂದೆ ಶೇಂಗಾ ಹಿಂಡಿ ಹಾಕಿದ ರೊಟ್ಟಿ. ಕೈಯಲ್ಲಿ ಹಿಟ್ಟಿನ ಉಂಡೆ. ಅವಳು ಕನ್ನಡದಲ್ಲಿ ಮಾಸ್ತರರ ಅಣಕ ಮಾಡುತ್ತಿದ್ದಳು.

"ಹಿಂಗ ಕನ್ನಡಕ ಎತ್ತತಾರ ಚಾಚಿ, ಹಿಂಗ. 'ಎಲ್ಲರೂ ಸುಮ್ಮ ಕುಂದರ್ರಿ' ಅಂತಾರ. ಯಾರೂ ಕುಂದರಂಗಿಲ್ಲ, ಅವ್ರೇ ಕುಂತಬಿಡ್ತಾರ!"

"ಕುಂತೇ ಬಿಡ್ತಾರೇನ ಬೇ!" ಎಂದು ಅವ್ವ ಕಣ್ಣು ಒರೆಸಿಕೊಂಡಳು.

ಆಮೇಲೆ ಅವಳಿಗೆ ನಾನು ಕಂಡೆ. "ಅಯ್ಯ, ಇಷ್ಟು ಜಲ್ದಿ ಬಂದಿ? ಬೂಟು ಅಲ್ಲೇ ಬಿಡು ನನ್ನವ್ವ, ಕೈಕಾಲು ತೊಳಕೋ" ಎಂದು ಮತ್ತೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು. ನಾನು ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಜಗ್ಗತೊಡಗಿದೆ. ಅದು ಗಂಟಾಗಿತ್ತು. ಆ ಶಾಲೆ ಬೇಡ, ನೂರಿಯ ಶಾಲೆಗೆ ಹಾಕು ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಯಾರಾದರೂ ಒಂದು ಸಲ ಕೇಳಲಿ ಎಂದು ತಲೆ ತಗ್ಗಿಸಿ ದಾರದ ಜೊತೆ ಜಗಳಾಡಿದೆ. ನೂರಿ ಎದ್ದು ಬಂದು ಎದುರು ಕುಕ್ಕರಗಾಲಿನಲ್ಲಿ ಕೂತು ನನ್ನ ಮುಖವನ್ನು ಕೆಳಗಿನಿಂದ ನೋಡಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು.

"ಏನಾಗೇದ ಗಂಗೂ?"

ನನಗೆ ಅಳು ಬಂದಿತ್ತು. "ಕುಚ್ ನೈ" ಎಂದು ನಾನು ಉರ್ದುವಿನಲ್ಲಿ ಅಂದೆ.

ಒಲೆಯ ಮುಂದಿನಿಂದ ಅವ್ವ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ, ನೂರಿಯನ್ನು ಕೇಳಿದಳು:

"ಏನಂದಳು ಬೇ ಆಕಿ?"

"ಏನೂ ಇಲ್ಲಂತ ಚಾಚಿ" ಎಂದಳು ನೂರಿ.